ಪ್ರಬಂಧದಲ್ಲಿ ಅಮ್ಮನ ಕೈ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಹಜಾರವೊಂದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮದಾಗಿತ್ತು. ಹಜಾರ ಮಾತ್ರ ಅಪ್ಪನ ಪಾಠದ ಹುಡುಗರದು. ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಗುಂಪು, ಸಂಜೆ ಶಾಲೆ ಬಿಟ್ಟ ಮೇಲೆ ಇನ್ನೊಂದು. ಬಾಗಿಲ ಮುಂದೆ ರಾಶಿ ಬಿದ್ದ ಚಪ್ಪಲಿಗಳನ್ನು ಕಂಡ ಹೊಸಬರು, ಈ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡು ಮುಖ ಸಣ್ಣಗೆ ಮಾಡಿಕೊಂಡೇ ಒಳಗೆ ಬರುತ್ತಿದ್ದರು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು. ಹತ್ತನೇ ತರಗತಿಯವರಿಗೆ ವ್ಯಾಕರಣ, ಅಲಂಕಾರ, ಛಂದಸ್ಸು, ಪ್ರಬಂಧ ಎಂದರೆ ಆ ಸುತ್ತಿನಲ್ಲೆಲ್ಲ ಅಪ್ಪನ ಹೆಸರೇ. ಹಜಾರದ ಒಂದು ಗೋಡೆಗೆ ಕಪ್ಪು ಬಣ್ಣ ಬಳಿಸಿ ಬೋರ್ಡು ಮಾಡಿಕೊಂಡಿದ್ದರು. ಹಬ್ಬಕ್ಕೆ ಇಡೀ ಮನೆಗೆ ಸುಣ್ಣ ಹೊಡೆದರೂ ಆ ಗೋಡೆಯನ್ನು ಮುಟ್ಟುವಂತಿರಲಿಲ್ಲ. ಅದರ ಆಚೆ ಬದಿಯೇ ನಮ್ಮ ಅಡುಗೆಮನೆ. ಅಪ್ಪ ಸಿಟ್ಟಿನಿಂದ ಬೋರ್ಡಿನ ಮೇಲೆ ಬರೆದರೆ ಒಳಗೆ ಗೂಡಿನಲ್ಲಿಟ್ಟ ಲೋಟಗಳು ಅದುರುತ್ತಿದ್ದವು. ಅಮ್ಮ ಬಗ್ಗಿ ಒಲೆ ನೋಡುತ್ತಲೇ ಹೇಳುತ್ತಿದ್ದಳು:

"ಇವತ್ತು ಯಾರೋ ಲಘುಗೆ ಗುರು ಹಾಕಿದಾರೆ ಕಣೇ. ಪಾಪ, ಆ ಹುಡುಗನ ಕಿವಿ ಉಳಿಯೋಲ್ಲ."

ಸಂಕ್ರಾಂತಿಗೆ ಎಳ್ಳು ಬೀರಿ ಮುಗಿಸಿದ ಮಾರನೇ ದಿನದಿಂದ ರಿವಿಜನ್ ಶುರು. ಆಗ ಎರಡು ಗುಂಪೂ ಒಂದಾಗಿ, ಹುಡುಗರು ಹಜಾರ ತುಂಬಿ ಹೊರಗಿನ ಜಗಲಿಯ ಮೇಲೂ ಕೂರುತ್ತಿದ್ದರು. ಅಪ್ಪನಿಗೆ ಪುಸ್ತಕದ ಲಕ್ಷಣಗಳಲ್ಲಿ ನಂಬಿಕೆಯಿರಲಿಲ್ಲ. ಹುಡುಗರ ಬಾಯಲ್ಲಿ ನಿಲ್ಲುವ ಹಾಗೆ ತಾವೇ ಕಟ್ಟಿದ ಸಾಲುಗಳನ್ನು ಕೈತಟ್ಟಿ ಹೇಳಿಸುತ್ತಿದ್ದರು. "ಅದರ ಹಾಗಿದೆ ಅಂದ್ರೆ ಉಪಮೆ! ಅದೇ ಇದು ಅಂದ್ರೆ ರೂಪಕ! ಅದೇ ಏನೋ ಅಂದ್ರೆ ಉತ್ಪ್ರೇಕ್ಷೆ! ಹದ ಮೀರಿತು ಅಂದ್ರೆ ಅತಿಶಯೋಕ್ತಿ!" ಇದು ಎದುರು ಮನೆಯ ಮುದುಕಿಗೂ ಬಾಯಿಪಾಠವಾಗಿತ್ತು. ನಮ್ಮ ಮನೆಯ ಮಾತೂ ಇದೇ ಜಾಡಿನಲ್ಲಿ ನಡೆಯುತ್ತಿತ್ತು. ನಾನು ಏನನ್ನಾದರೂ ಕೇಳಲು ರಾಗ ಎಳೆದರೆ ಅಪ್ಪ "ಪೀಠಿಕೆ ಸಾಕು, ವಿಷಯಕ್ಕೆ ಬಾ" ಎನ್ನುತ್ತಿದ್ದರು. ಅವರು ಸಾರನ್ನು ಹೊಗಳಿದರೆ ಅಮ್ಮ "ಯಾವ ಅಲಂಕಾರ ಇದು?" ಎಂದು ಕೇಳುತ್ತಿದ್ದಳು. ನಮ್ಮಲ್ಲಿ ನಗುವಿಗೆ ಬರವಿರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ಓದಿ ಯಾರೂ ಅಪ್ಪನನ್ನು ಕೆಟ್ಟ ಗಂಡ ಎಂದುಕೊಳ್ಳಬಾರದು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ರಿವಿಜನ್ ಇರುವಷ್ಟು ದಿನವೂ ಪಾಠ ಮುಗಿಯುವ ತನಕ ನಮಗೆ ಊಟವಿಲ್ಲ. ದೂರದಿಂದ ಬರುವ ಕೆಲವು ಹುಡುಗರು ನಮ್ಮಲ್ಲೇ ಊಟಕ್ಕೆ ಕೂರುತ್ತಿದ್ದರು. ಹಾಗಾಗಿ ಅಮ್ಮ ದೊಡ್ಡ ಪಾತ್ರೆಯಲ್ಲಿ ಮುದ್ದೆಗೆ ಎಸರಿಡುತ್ತಿದ್ದಳು. ಅಂಥದೊಂದು ಸಂಜೆ ನಾನು ಅಡುಗೆಮನೆಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅಮ್ಮನಿಗೆ ಬೆಳಿಗ್ಗೆಯಿಂದ ಜ್ವರ ಬಂದ ಹಾಗಿತ್ತು. ಎರಡು ಸಲ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ರಾಗಿ ಹಿಟ್ಟು ಸುರಿದು ಕೋಲು ಹಾಕಿ ತಿರುವುವಾಗ ಪಾತ್ರೆ ವಾಲಿತು. ಕೊತಕೊತ ಕುದಿಯುತ್ತಿದ್ದ ರಾಗಿ ಅವಳ ಎಡಗೈಗೆ ಮೊಣಕೈಯಿಂದ ಮುಂಗೈವರೆಗೆ ಮೆತ್ತಿಕೊಂಡಿತು. ನೀರಾದರೆ ಜಾರಿಹೋಗುತ್ತದೆ. ರಾಗಿ ಹಿಡಿದುಕೊಳ್ಳುತ್ತದೆ. ಅಮ್ಮ ಕೂಗಿದಳು. ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಮನುಷ್ಯರ ಗಂಟಲಿನಿಂದ ಅಂಥ ಕೂಗು ಬಂದದ್ದನ್ನು ನಾನು ಕೇಳಿಲ್ಲ. ಅದೇ ಹೊತ್ತಿಗೆ ಗೋಡೆಯ ಆಚೆ ಹುಡುಗರೆಲ್ಲ ಒಂದೇ ದನಿಯಲ್ಲಿ ಅಲಂಕಾರ ಹೇಳುತ್ತಿದ್ದರು. ನಾನು ಓಡಿಹೋಗಿ ಹಜಾರದ ಹೊಸ್ತಿಲಲ್ಲಿ ನಿಂತು "ಅಪ್ಪಾ, ಅಪ್ಪಾ" ಎಂದು ಕಿರುಚಿದೆ. ಅಪ್ಪ ಬೋರ್ಡಿನ ಕಡೆ ತಿರುಗಿಕೊಂಡೇ ಎಡಗೈ ಎತ್ತಿ, ತಡಿ ಎಂದು ಸನ್ನೆ ಮಾಡಿದರು. ಬಲಗೈ ತಾಳ ಹಾಕುತ್ತಲೇ ಇತ್ತು. "ಹದ ಮೀರಿತು ಅಂದ್ರೆ!" ಎಂದು ಅವರು ಎತ್ತಿಕೊಟ್ಟರು. ಹುಡುಗರು ಮುಗಿಸಿದರು. ನಾನು ವಾಪಸು ಓಡಿದೆ.

ಅಪ್ಪ ಪಾಠ ಮುಗಿಸಿ ಒಳಗೆ ಬಂದಾಗ ಅಮ್ಮ ಬಚ್ಚಲಲ್ಲಿ ಬಕೀಟಿನ ನೀರಿಗೆ ಕೈ ಇಳಿಬಿಟ್ಟುಕೊಂಡು ಕೂತಿದ್ದಳು. ಕೂಗಿ ಕೂಗಿ ದನಿ ಹೋಗಿತ್ತು. ಅಪ್ಪನ ಮುಖ ಬಿಳಿಚಿಕೊಂಡಿತು. ಓಡಿಹೋಗಿ ಮುಲಾಮು ತಂದರು, ಡಾಕ್ಟರನ್ನೇ ಮನೆಗೆ ಕರೆತಂದರು, ಆ ರಾತ್ರಿ ತಾವೇ ಅನ್ನ ಮಾಡಿ ಅಮ್ಮನಿಗೆ ಕಲಸಿ ತಿನ್ನಿಸಿದರು. ಎಲ್ಲರಿಗೂ ಒಂದೇ ಮಾತು ಹೇಳಿದರು:

"ಏನು ಹೆಂಗಸು ರೀ! ಇಷ್ಟು ಸುಟ್ಟಿದೆ, ಒಂದು ಸದ್ದು ಮಾಡ್ಲಿಲ್ಲ."

"ಅಮ್ಮ ಕೂಗಿದ್ಳು ಅಪ್ಪ," ಎಂದೆ.

"ಹೌದಾ ಮರಿ? ನಮಗೆ ಕೇಳಿಸ್ಲೇ ಇಲ್ಲವಲ್ಲ," ಎಂದರು. ನಿಜಕ್ಕೂ ಆಶ್ಚರ್ಯದಿಂದ.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಗಾಯ ಮಾಗಿ, ಚರ್ಮ ಸುಕ್ಕುಗಟ್ಟಿ ಹೊಳೆಯುವ ಕಲೆಯಾಗಿತ್ತು. ಆ ವರ್ಷ ಅಪ್ಪ ಪ್ರಬಂಧ ಹೇಳಿಕೊಡುವ ಕ್ರಮವನ್ನು ಬದಲಿಸಿದರು. ಪೀಠಿಕೆಗೆ ಒಂದು ಗಾದೆ, ಒಡಲಿಗೆ ಒಂದು ಸ್ವಂತ ಅನುಭವ ಮತ್ತು ಒಂದು ಅಲಂಕಾರ, ಮುಕ್ತಾಯಕ್ಕೆ ಒಂದು ಆಶಯ. ಇಷ್ಟಿದ್ದರೆ ಯಾವ ಮೇಷ್ಟರೂ ಅಂಕ ಕತ್ತರಿಸಲಾರರು ಎನ್ನುವುದು ಅವರ ಸಿದ್ಧಾಂತ. ತೊಡಕು ಬಂದದ್ದು ಸ್ವಂತ ಅನುಭವದಲ್ಲಿ. 'ನನ್ನ ತಾಯಿ' ಎಂಬ ವಿಷಯ ಕೊಟ್ಟರೆ ಹುಡುಗರು ಪೆನ್ಸಿಲ್ ಕಚ್ಚುತ್ತ ಕೂತರು. "ಅಮ್ಮ ಅಡುಗೆ ಮಾಡ್ತಾಳೆ ಸಾರ್," ಎಂದನೊಬ್ಬ. "ಬೈತಾಳೆ ಸಾರ್," ಎಂದ ಇನ್ನೊಬ್ಬ. ಅಪ್ಪ ಸ್ವಲ್ಪ ಹೊತ್ತು ಕಾದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಬರ್ಕೊಳ್ರಿ ಎಂದರು. ಗೋಡೆಯ ಈಚೆ ನಾನೂ ಅಮ್ಮನೂ ಕೇಳಿಸಿಕೊಂಡೆವು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಅದು ಶುರುವಾಯಿತು. ಅಮ್ಮ ಏಳುವ ಹೊತ್ತು, ಅವಳಿಗೆ ಕೋಪವೇ ಬಾರದಿರುವುದು, ಆಯಾಸವೆಂಬುದೇ ತಿಳಿಯದಿರುವುದು ಬಂತು. "ಒಮ್ಮೆ ಕುದಿಯುವ ಹಾಲು ನನ್ನ ತಾಯಿಯ ಎಡಗೈ ಮೇಲೆ ಚೆಲ್ಲಿತು. ಆದರೂ ಅವರು ಒಂದು ಸದ್ದನ್ನೂ ಮಾಡಲಿಲ್ಲ. ನಗುನಗುತ್ತಲೇ ನಮಗೆಲ್ಲ ಊಟ ಬಡಿಸಿದರು. ಆ ಕಲೆ ಇಂದಿಗೂ ಚಂದ್ರನ ಮೇಲಿನ ಕಲೆಯಂತೆ ಶೋಭಿಸುತ್ತಿದೆ." ಇಲ್ಲಿ ಅಪ್ಪ ನಿಲ್ಲಿಸಿ, ಯಾವ ಅಲಂಕಾರ ಎಂದು ಕೇಳಿದರು. ಉಪಮೆ ಸಾರ್ ಎಂದು ಹಜಾರವೆಲ್ಲ ಕೂಗಿತು. ಅಮ್ಮ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು.

ಆ ದಿನ ಊಟಕ್ಕೆ ಬಡಿಸುವಾಗ ಜಗಳವಾಯಿತು. ನಮ್ಮ ಮನೆಯ ಜಗಳಗಳು ತಟ್ಟೆ ಎಸೆಯುವಂಥವಲ್ಲ. ಅಮ್ಮ ಬಡಿಸುತ್ತ ಬಡಿಸುತ್ತಲೇ ಕೇಳುತ್ತಿದ್ದಳು, ಅಪ್ಪ ಉಣ್ಣುತ್ತ ಉಣ್ಣುತ್ತಲೇ ಉತ್ತರ ಕೊಡುತ್ತಿದ್ದರು.

"ಹಾಲು ಯಾಕೆ ಬಂತು? ಅದು ರಾಗಿ ಎಸರು."

"ಪ್ರಬಂಧದಲ್ಲಿ ಮುದ್ದೆ ಎಸರು ಚೆನ್ನಾಗಿರಲ್ಲ ಸರೋಜಾ. ಹಾಲು ಅಂದ್ರೆ ತಾಯಿಗೆ ಹೊಂದುತ್ತೆ."

"ನಾನು ಕೂಗಿದೆ ರೀ. ನಿಮಗೆ ಕೇಳಿಸ್ಲಿಲ್ಲ ಅಷ್ಟೆ."

"ಕೂಗಿದಳು ಅಂತ ಬರೆದ್ರೆ ಅಂಕ ಬರುತ್ತಾ?"

"ನನ್ನ ಕೈ ಅದು. ಹುಡುಗರಿಗೆಲ್ಲ ಯಾಕೆ ಹಂಚಿದ್ರಿ? ನನ್ನನ್ನ ಅದರಿಂದ ತೆಗೆದುಬಿಡಿ."

ಅಪ್ಪನಿಗೆ ಇದು ನಿಜವಾಗಿಯೂ ಅರ್ಥವಾಗಲಿಲ್ಲ. ಹೆಂಡತಿಯ ಎದುರು ಕೂತು ಒಂದು ಒಳ್ಳೆಯ ಮಾತಾಡಲು ನಾಚುತ್ತಿದ್ದ ಮನುಷ್ಯ, ಗೋಡೆಯ ಆಚೆ ನಿಂತು ಊರ ಮಕ್ಕಳಿಂದೆಲ್ಲ ಅವಳನ್ನು ಹೊಗಳಿಸಿದ್ದರು. ಅದು ಅವರು ಅಮ್ಮನಿಗೆ ಕೊಟ್ಟ ಒಡವೆ. ಅದನ್ನು ತೆಗೆದುಬಿಡಿ ಎಂದರೆ ಯಾವ ಗಂಡಸಿಗೆ ಬೇಸರವಾಗುವುದಿಲ್ಲ? ಅವರು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಅಮ್ಮ ಆ ಮಜ್ಜಿಗೆಯನ್ನು ನನ್ನ ತಟ್ಟೆಗೆ ಸುರಿದಳು.

ಪ್ರಬಂಧ ಬೀದಿಗೂ ಬಂತು. ಗಾಡಿ ತಳ್ಳಿಕೊಂಡು ಬರುವ ಸೊಪ್ಪಿನವನ ಹತ್ತಿರ ಅಮ್ಮ ಚೌಕಾಸಿಗೆ ಇಳಿದರೆ ಸುತ್ತಲೂ ಒಂದು ಗಳಿಗೆ ಗದ್ದಲ ಇರಲೇಬೇಕು. ಅದು ಅವಳ ದಿನದ ಸಂತೋಷಗಳಲ್ಲಿ ಒಂದು. ಒಂದು ಬೆಳಿಗ್ಗೆ ಕೊಳೆತ ದಂಟು ಕೊಟ್ಟಿದ್ದಕ್ಕೆ ಅವನನ್ನು ದಬಾಯಿಸುತ್ತಿದ್ದಾಗ, ಪಾಠದ ಹುಡುಗನೊಬ್ಬನ ತಾಯಿ ಪಕ್ಕದಲ್ಲಿ ನಿಂತು ನಕ್ಕರು.

"ಅಯ್ಯೋ, ನಿಮಗೆ ಕೋಪಾನೇ ಬರಲ್ವಂತಲ್ಲಾ ಅಮ್ಮಾವ್ರೇ! ನಮ್ಮ ಹುಡುಗ ದಿನಾ ಓದ್ತಾನೆ."

ಅಮ್ಮ ತೆರೆದ ಬಾಯಿ ಮುಚ್ಚಿದಳು. ದಂಟು ತೆಗೆದುಕೊಂಡು ಒಳಗೆ ಬಂದಳು. ಅವತ್ತಿನಿಂದ ಗಾಡಿಯ ಹತ್ತಿರ ನನ್ನನ್ನು ಕಳಿಸತೊಡಗಿದಳು. ನನಗೆ ಚೌಕಾಸಿ ಬರುತ್ತಿರಲಿಲ್ಲ. ಸೊಪ್ಪಿನವನಿಗೆ ಸುಗ್ಗಿ. ಮನೆಗೆ ಬಂದ ದಂಟನ್ನು ಅಮ್ಮ ಕೂತು ಆರಿಸುತ್ತಿದ್ದಳು.

ಪರೀಕ್ಷೆಯಲ್ಲಿ ಆ ವರ್ಷ 'ನನ್ನ ತಾಯಿ'ಯೇ ಬಂತು. ಕನ್ನಡ ಪತ್ರಿಕೆ ಮುಗಿಸಿದ ಹುಡುಗರು ಪರೀಕ್ಷಾ ಕೇಂದ್ರದಿಂದ ನೇರ ನಮ್ಮ ಮನೆಗೆ ಓಡಿಬಂದರು. ಅಪ್ಪ ಶರಟು ಹಾಕಿಕೊಳ್ಳುವುದನ್ನೂ ಮರೆತು ಬನೀನಿನಲ್ಲೇ ಹೋಗಿ ಮೈಸೂರು ಪಾಕು ತಂದರು. ಆದರೆ ಫಲಿತಾಂಶದ ದಿನ ಅವರಲ್ಲಿ ಒಬ್ಬನ ಹೆಸರಿನ ಮುಂದೆಯೂ ಅಂಕವಿರಲಿಲ್ಲ. ತಡೆಹಿಡಿಯಲಾಗಿದೆ ಎಂದಿತ್ತು. ಬೇರೆ ಯಾವುದೋ ಊರಿನಲ್ಲಿ ಉತ್ತರಪತ್ರಿಕೆ ತಿದ್ದಲು ಕೂತ ಮೇಷ್ಟರೊಬ್ಬರು, ಒಂದೇ ಕಟ್ಟಿನಲ್ಲಿ ಎಲ್ಲ ತಾಯಂದಿರೂ ಹಾಲಿನಿಂದ ಎಡಗೈ ಸುಟ್ಟುಕೊಂಡು ನಗುನಗುತ್ತ ಊಟ ಬಡಿಸಿದ್ದನ್ನು ಓದಿ ಪೆನ್ನು ಕೆಳಗಿಟ್ಟರಂತೆ. ಸಾಮೂಹಿಕ ನಕಲು ಎಂದು ಬರೆದು ಮೇಲಕ್ಕೆ ಕಳಿಸಿದರಂತೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಹಜಾರದಲ್ಲಿ ಹುಡುಗರ ತಂದೆತಾಯಿಯರು ಕೂತು ಅಳುತ್ತಿದ್ದರು. ಕಾಲೇಜು ಸೇರುವ ದಿನಗಳು ಕಳೆದುಹೋಗುತ್ತಿದ್ದವು. ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗಿಯ ತಂದೆ, ಇನ್ನು ಓದಿಸುವುದಿಲ್ಲ, ಮದುವೆ ಮಾಡಿಬಿಡುತ್ತೇನೆ ಎಂದು ಎದ್ದು ನಿಂತಿದ್ದರು. ಅಪ್ಪ ಆ ಕಪ್ಪು ಗೋಡೆಗೆ ಒರಗಿ ನಿಂತಿದ್ದರು. ಅವರ ಬನೀನಿನ ಬೆನ್ನಿಗೆಲ್ಲ ಬಳಪ ಮೆತ್ತಿತ್ತು.

ಪರೀಕ್ಷಾ ಮಂಡಳಿಯ ಕಚೇರಿಗೆ ಹೋಗಿ, ಅದು ನಕಲಲ್ಲ, ನಾನೇ ಬಾಯಿಪಾಠ ಮಾಡಿಸಿದ್ದು ಎಂದು ಅಪ್ಪ ಹೇಳಿಬಂದಿದ್ದರು. ಅಲ್ಲಿಯವರು, ನೀವು ಹುಡುಗರನ್ನು ಉಳಿಸಲು ಹೇಳುತ್ತಿದ್ದೀರಿ, ನಂಬುವುದು ಹೇಗೆ ಎಂದರಂತೆ. ಆ ಕೈ ನನ್ನ ಹೆಂಡತಿಯದು ಸಾರ್, ಬೇಕಾದರೆ ಕರೆತರುತ್ತೇನೆ ಎಂದು ಅಪ್ಪನ ಬಾಯಿಂದ ಬಂದುಬಿಟ್ಟಿದೆ. ಕರೆತನ್ನಿ ಎಂದಿದ್ದಾರೆ. ಮನೆಗೆ ಬಂದು ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಸರೋಜಾ, ನಿನ್ನನ್ನ ಬಲವಂತ ಮಾಡೋಕೆ ನನಗೆ ಮುಖ ಇಲ್ಲ," ಎಂದರು.

ಅಮ್ಮ ಸೀರೆ ಬದಲಿಸಲು ಹೋದಳು.

ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಮೂವರೂ ಆಟೋದಲ್ಲಿ ಹೊರಟೆವು. ನಾನು ನಡುವೆ ಕೂತಿದ್ದೆ. ಮೆಜೆಸ್ಟಿಕ್ ದಾಟಿದೆವು. ಆಮೇಲೆ ಅಪ್ಪ ಮೆಲ್ಲಗೆ ಶುರುಮಾಡಿದರು. ಕೇಳಿದರೆ ಹಾಲು ಎಂದೇ ಹೇಳಬೇಕು. ರಾಗಿ ಎಂದರೆ, ಮೇಷ್ಟರು ಒಂದು ಹೇಳುತ್ತಾರೆ ಹೆಂಡತಿ ಒಂದು ಹೇಳುತ್ತಾಳೆ, ಎಲ್ಲ ಕಟ್ಟುಕಥೆ ಎಂದುಬಿಡುತ್ತಾರೆ. ಕೂಗಿದೆ ಎನ್ನಬಾರದು. ಊಟ ಬಡಿಸಿದೆ ಎನ್ನಬೇಕು.

"ಎಲ್ಲಿ, ಒಂದ್ಸಲ ಹೇಳು."

"ಹಾಲು ಚೆಲ್ಲಿತು. ಕೂಗಲಿಲ್ಲ. ಊಟಕ್ಕೆ ಬಡಿಸಿದೆ."

"ನಗುನಗುತ್ತಾ."

"ನಗುನಗುತ್ತಾ," ಎಂದಳು ಅಮ್ಮ, ಹೊರಗೆ ನೋಡುತ್ತ.

ಅಷ್ಟು ವರ್ಷ ಗೋಡೆಯ ಈಚೆಯೇ ಇದ್ದವಳಿಗೆ ಅಪ್ಪ ಮಾಡಿದ ಒಂದೇ ಒಂದು ಪಾಠ ಅದು. ಅವಳು ಒಂದೇ ಸಲಕ್ಕೆ ಒಪ್ಪಿಸಿದಳು. ನನಗೆ ಆಟೋದಿಂದ ಹಾರಿಬಿಡಬೇಕು ಎನ್ನಿಸುತ್ತಿತ್ತು. ಹತ್ತು ವರ್ಷದ ಹುಡುಗಿ ಹಾರಿ ಎಲ್ಲಿಗೆ ಹೋದಾಳು? ಅಮ್ಮನ ಕೈಯನ್ನು ಹಿಡಿದುಕೊಳ್ಳೋಣವೆಂದರೆ ನನ್ನ ಪಕ್ಕಕ್ಕಿದ್ದದ್ದು ಆ ಎಡಗೈಯೇ. ಅದನ್ನು ಮುಟ್ಟಲು ಅವಳು ಯಾರಿಗೂ ಬಿಡುತ್ತಿರಲಿಲ್ಲ.

ಅಧಿಕಾರಿ ಒಳ್ಳೆಯವರೇ. ಅಮ್ಮನಿಗೆ ಕುರ್ಚಿ ಕೊಡಿಸಿದರು, ನನಗೆ ನೀರು ಬೇಕಾ ಪುಟ್ಟಿ ಎಂದರು. ಮೇಜಿನ ಸುತ್ತ ಇನ್ನೂ ಕೆಲವರು ಗಂಡಸರು ನಿಂತಿದ್ದರು. ಬಾಗಿಲಲ್ಲಿ ಆ ಹುಡುಗಿಯ ತಂದೆ ಇಣುಕುತ್ತಿದ್ದರು. ಅಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಕಲೆಯ ಉಬ್ಬಿನ ಮೇಲೆ ಅವು ಸಲೀಸಾಗಿ ಸರಿಯಲಿಲ್ಲ, ಒಂದೊಂದನ್ನೇ ಎತ್ತಿ ಎತ್ತಿ ಸರಿಸಬೇಕಾಯಿತು. ಆಮೇಲೆ ಕೈಯನ್ನು ಮೇಜಿನ ಮೇಲೆ, ಉತ್ತರಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿ ಇಟ್ಟಳು. ಎಲ್ಲರೂ ಬಗ್ಗಿ ನೋಡಿದರು.

"ಹಾಲಾ ಅಮ್ಮಾ?"

"ಹೌದು ಸಾರ್, ಹಾಲು."

"ಛೇ, ತುಂಬಾ ಸುಟ್ಟಿದೆ. ನೀವು ಕೂಗಲೇ ಇಲ್ವಂತೆ?"

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದರು. ಅವಳು ನನ್ನ ಕಡೆ ನೋಡಿದಳು. ಈಗಲಾದರೂ ಹೇಳು ಅಮ್ಮ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಹೇಳಬೇಡ ಎಂದೂ ಅದೇ ಮನಸ್ಸು ಬೇಡುತ್ತಿತ್ತು, ಏಕೆಂದರೆ ಬಾಗಿಲಲ್ಲಿ ಆ ಹುಡುಗಿಯ ತಂದೆ ಇದ್ದರು.

"ಇಲ್ಲ ಸಾರ್," ಎಂದಳು. "ಕೂಗಲಿಲ್ಲ."

ಫಲಿತಾಂಶ ಬಂತು. ಎಲ್ಲರೂ ಪಾಸು. ಆ ಹುಡುಗಿ ಕಾಲೇಜು ಸೇರಿದಳು. ಹುಡುಗರು ಸಾಲಾಗಿ ಬಂದು ಅಮ್ಮನ ಕಾಲಿಗೆ ಬಿದ್ದರು. ಅವಳು ಎಲ್ಲರಿಗೂ ಕಾಫಿ ಮಾಡಿಕೊಟ್ಟಳು. ಅಪ್ಪ ಆ ಪ್ರಬಂಧವನ್ನು ಕೈಬಿಟ್ಟರು. ಬುದ್ಧಿ ಬಂದಿತ್ತು. ಮುಂದಿನ ವರ್ಷದಿಂದ ಹುಡುಗರನ್ನು ಗುಂಪು ಗುಂಪಾಗಿ ಮಾಡಿ ಬೇರೆ ಬೇರೆ ತಾಯಂದಿರನ್ನು ಹೇಳಿ ಬರೆಸಿದರು. ಒಬ್ಬಳಿಗೆ ಕಾಲು ಉಳುಕಿತು, ಒಬ್ಬಳಿಗೆ ಚೇಳು ಕುಟುಕಿತು, ಒಬ್ಬಳ ಬೆರಳು ಈಳಿಗೆಮಣೆಗೆ ಸಿಕ್ಕಿತು. ಯಾವ ತಾಯಿಯೂ ಕೂಗಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅವನ್ನೆಲ್ಲ ಕೇಳಿಸಿಕೊಳ್ಳುತ್ತ ತನ್ನ ಪಾಡಿಗೆ ಮುದ್ದೆ ತಿರುವುತ್ತಿದ್ದಳು. ತೆಗೆದುಬಿಡಿ ಎಂದು ಕೇಳಲು ಈಗ ಅವಳು ಯಾವುದರಲ್ಲೂ ಇರಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಮನೆಯ ಜಾಗದಲ್ಲಿ ಯಾರದೋ ಅಂಗಡಿಗಳು ಬಂದಿವೆ. ಅಮ್ಮ ಈಗ ಬಸವನಗುಡಿಯ ನನ್ನ ಫ್ಲಾಟಿನಲ್ಲಿ ನನ್ನ ಜೊತೆಗಿದ್ದಾಳೆ. ನೆನಪು ಗಟ್ಟಿಯಾಗಿದೆ, ಸೊಪ್ಪಿನವನ ಹತ್ತಿರ ಬಾಲ್ಕನಿಯಿಂದಲೇ ಜಗಳವಾಡುವಷ್ಟು ಗಂಟಲೂ ಇದೆ. ನನ್ನ ಮೊಮ್ಮಗಳು ಚಿನ್ಮಯಿ ಹತ್ತನೇ ತರಗತಿ. ಅವಳ ಕನ್ನಡದ ರಿವಿಜನ್ ನನ್ನ ಪಾಲಿಗೆ ಬಂದಿದೆ. ಸಂಜೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತೇವೆ. ನನಗೆ ಗೊತ್ತಿರುವುದು ಅಪ್ಪನ ಸಾಲುಗಳೇ. ಅದರ ಹಾಗಿದೆ ಅಂದ್ರೆ ಉಪಮೆ ಎಂದು ನಾನು ಕೈತಟ್ಟಿದರೆ, ಪಕ್ಕದ ಕುರ್ಚಿಯಲ್ಲಿ ಕೂತ ಅಮ್ಮನ ತುಟಿಗಳೂ ಆಡುತ್ತವೆ. ಮೊನ್ನೆ ಪ್ರಬಂಧಕ್ಕೆ ಬಂದೆವು. ಪೀಠಿಕೆ, ಒಡಲು, ಮುಕ್ತಾಯ. ಒಡಲಿನಲ್ಲಿ ಒಂದು ನಿಜವಾದ ಘಟನೆ ಇರಲಿ, ಯಾರೋ ಬರೆದದ್ದು ಬೇಡ, ನೀನೇ ಕೇಳಿ ತಿಳಿದುಕೊಂಡದ್ದು ಇರಲಿ ಎಂದೆ. ಬೇಕೆಂದೇ ಹಾಗೆಂದೆ. ಚಿನ್ಮಯಿ ಸೀದಾ ಅಮ್ಮನ ಕಡೆ ತಿರುಗಿದಳು.

"ಮುತ್ತಜ್ಜಿ, ನಿಮ್ಮ ಕೈಗೆ ಏನಾಗಿತ್ತು?"

ಅಮ್ಮ ಕುರ್ಚಿಯಲ್ಲಿ ನೆಟ್ಟಗಾದಳು.

"ಹಾಲು ಕಾಯಿಸ್ತಿದ್ದೆ ಪುಟ್ಟಾ. ಚೆಲ್ಲಿಬಿಡ್ತು. ಆದ್ರೂ ಒಂದು ಸದ್ದು ಮಾಡ್ಲಿಲ್ಲ ನಾನು. ನಗುನಗುತ್ತಾ ಎಲ್ಲರಿಗೂ ಊಟಕ್ಕೆ ಬಡಿಸಿದೆ."

ಆಟೋದಲ್ಲಿ ಒಪ್ಪಿಸಿದ ಅದೇ ಕ್ರಮ. ಆದರೆ ಈ ಸಲ ಅವಳು ಹೊರಗೆ ನೋಡುತ್ತಿರಲಿಲ್ಲ. ಮಗುವಿನ ಮುಖವನ್ನೇ ನೋಡುತ್ತ ಹೇಳುತ್ತಿದ್ದಳು, ಕಣ್ಣಲ್ಲಿ ಬೆಳಕಿತ್ತು. ನನಗೆ ತಡೆದುಕೊಳ್ಳಲು ಆಗಲಿಲ್ಲ.

"ಅಮ್ಮ, ಅದು ರಾಗಿ ಎಸರು. ನೀನು ಕೂಗಿದೆ. ನಾನು ಅಲ್ಲೇ ಅವರೆಕಾಯಿ ಸುಲೀತಾ ಕೂತಿದ್ದೆ. ನಿನ್ನ ಕೂಗು ಇನ್ನೂ ನನ್ನ ಕಿವೀಲಿದೆ."

"ನೀನು ಚಿಕ್ಕೋಳು, ನಿನಗೇನು ಗೊತ್ತು."

"ನೀನೇ ಅಪ್ಪನ ಹತ್ರ ಹೇಳಿದ್ದೆ. ಕೂಗಿದೆ ಅಂತ. ನನ್ನನ್ನ ತೆಗೆದುಬಿಡಿ ಅಂತ."

ಚಿನ್ಮಯಿ ಪೆನ್ನು ಎತ್ತಿಕೊಂಡು ಇಬ್ಬರನ್ನೂ ನೋಡಿದಳು.

"ಅಜ್ಜೀ, ಕೂಗಿದ್ರು ಅಂತ ಬರೀಲಾ, ಕೂಗ್ಲಿಲ್ಲ ಅಂತ ಬರೀಲಾ?"

ಅಮ್ಮ ಎಡಗೈಯನ್ನು ಮಡಿಲಿಗೆ ಎಳೆದುಕೊಂಡು, ಬಲಗೈಯಿಂದ ಅದನ್ನು ಮೆಲ್ಲಗೆ ಸವರಿದಳು. ನನಗೆ ಒಂದಿಷ್ಟೂ ಬುದ್ಧಿಯಿಲ್ಲ ಎನ್ನುವ ಹಾಗೆ ನನ್ನನ್ನು ನೋಡಿ ನಕ್ಕಳು.

"ಕೂಗಿದ್ದಿದ್ರೆ ನಿಮ್ಮಪ್ಪಂಗೆ ಕೇಳಿಸ್ತಿರಲಿಲ್ವೇನೇ? ಗೋಡೆ ಆಚೆಗೇ ಇದ್ರಲ್ಲ," ಎಂದಳು.

ಕೂಗಲಿಲ್ಲ ಎಂದು ಚಿನ್ಮಯಿ ಬರೆದುಕೊಂಡಳು.